ಝುಲ್ಮಿರಾ ಅತ್ತೆಯ ಫೋಟೋಗಳು

ಸೊಸೆಯನ್ನು ಕರೆಯಬೇಕಾದಾಗ ಝುಲ್ಮಿರಾ ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟುತ್ತಿದ್ದಳು. ಆ ಸಂಜೆ ಎಂದಿಗಿಂತ ಜೋರಾಗಿ ಕುಟ್ಟಿದಳು. ಆಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದ ಇವೋನ್ ಒಂದೇ ಕಾಲಿನ ಬೂಟಿನಲ್ಲಿ ಕೆಳಗಿಳಿದು ಬಂದಳು.

ಅಮೆರಿಕದ ಫಾಲ್ ರಿವರ್ ಊರಿನ ಆ ಮೂರು ಮಹಡಿಯ ಮರದ ಮನೆ ಝುಲ್ಮಿರಾಳದು. ಅವಳೂ ಅವಳ ಗಂಡನೂ ಪರದೆ ಹೊಲಿಯುವ ಗಿರಣಿಯಲ್ಲಿ ಬೆನ್ನು ಬಗ್ಗಿಸಿ ದುಡಿದು ಕೊಂಡದ್ದು. ಗಂಡ ಹೋದ ಮೇಲೆ ಕೆಳಗೆ ಅವಳು, ನಡುವಿನ ಮಹಡಿಯಲ್ಲಿ ಮಗ ಗಿಲ್ಬರ್ಟೊ, ಸೊಸೆ ಇವೋನ್, ಮೊಮ್ಮಗಳು ಮರೀಸಾ, ಮೇಲೆ ಬಾಡಿಗೆಯವರು. ಮನೆಯವರ ಅಡುಗೆ ಊಟವೆಲ್ಲ ನೆಲಮಾಳಿಗೆಯಲ್ಲಿ. ಮೇಲಿನ ಅಡುಗೆಮನೆಗಳಿದ್ದದ್ದು ನೆಂಟರಿಗೆ ತೋರಿಸುವುದಕ್ಕೆ. ಅಲ್ಲಿ ಒಂದು ಮೀನು ಹುರಿದರೂ ಝುಲ್ಮಿರಾ ವಾರಗಟ್ಟಲೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಳು.

“ನೋಡು, ಸತ್ತು ಕೂತಿದೆ,” ಎಂದು ಕಂಪ್ಯೂಟರಿನತ್ತ ಗದ್ದ ಚಾಚಿ ತೋರಿಸಿದಳು ಝುಲ್ಮಿರಾ.

ನೀಲಿ ಪರದೆ ಬರುತ್ತಿತ್ತು, ಏನೋ ತಪ್ಪಾಗಿದೆ ಎನ್ನುತ್ತಿತ್ತು, ಆರುತ್ತಿತ್ತು, ಮತ್ತೆ ನೀಲಿಯಾಗುತ್ತಿತ್ತು.

“ಏನು ಮಾಡಿದ್ರಿ ಅತ್ತೆ?”

“ನಾನೇನು ಮಾಡ್ಲಿ? ಏನೋ ಹೊಸದು ಹಾಕ್ಕೋತೀನಿ ಅಂತು, ಹಾಕ್ಕೋ ಅಂದೆ. ಅರ್ಧದಲ್ಲಿ ಕರೆಂಟು ಹೋಯ್ತು. ಮನೇಲಿ ಕಂಪ್ಯೂಟರ್ ಓದಿದೋಳಿದಾಳೆ ಅಂತ ಹೆಸರಿಗೆ ಮಾತ್ರ! ಮದುವೇಲಿ ನಿಮ್ಮಮ್ಮ ಅದನ್ನೇ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ಲು.”

ಇವೋನ್ ಊರಿನ ಶಾಲೆಯೊಂದರಲ್ಲಿ ಮಕ್ಕಳ ಲ್ಯಾಪ್‌ಟಾಪ್ ರಿಪೇರಿ ಮಾಡುವವಳು. ಕುರ್ಚಿ ಎಳೆದುಕೊಂಡು ಕೂತಳು. ಆ ಪೆಟ್ಟಿಗೆಯಲ್ಲಿ ಏನಿದೆ ಎನ್ನುವುದು ಮನೆಗೆಲ್ಲ ಗೊತ್ತಿತ್ತು. ನವೆಂಬರಿನಲ್ಲಿ ಇಗರ್ಜಿಗೆ ನೂರು ವರ್ಷ ತುಂಬುತ್ತಿತ್ತು. ಪೋರ್ಚುಗಲ್ಲಿನ ಸಾಂ ಮಿಗೆಲ್ ದ್ವೀಪದಿಂದ ಬಂದು ಈ ಗುಡ್ಡದ ಮೇಲೆ ನೆಲೆಸಿದ ಮನೆತನಗಳ ಹಳೆಯ ಫೋಟೋಗಳನ್ನೆಲ್ಲ ಝುಲ್ಮಿರಾ ಎಷ್ಟೋ ಚಳಿಗಾಲ ಕೂತು ಒಂದೊಂದಾಗಿ ಸ್ಕ್ಯಾನ್ ಮಾಡಿ, ಯಾರು, ಯಾರ ಮಗ, ಯಾವ ಹಡಗಿನಲ್ಲಿ ಬಂದರು ಎಂದು ಹೆಸರು ಬೆರಳಚ್ಚು ಮಾಡಿಟ್ಟಿದ್ದಳು. ಉತ್ಸವದ ದಿನ ಸಭಾಂಗಣದ ಗೋಡೆಯ ತುಂಬ ಅವೇ. ಇಂಟರ್ನೆಟ್ಟಿನಲ್ಲೊಂದು ಪ್ರತಿ ಇಡೋಣ ಎಂದು ಇವೋನ್ ಹೇಳಿದಾಗ, “ನಮ್ಮ ಸತ್ತವರನ್ನ ಯಾರದೋ ಮನೇಲಿ ಮಲಗಿಸೋದಾ?” ಎಂದು ಗದರಿದ್ದಳು.

“ಫೋಟೋಗೆ ಏನೂ ಆಗಿಲ್ಲ ಅತ್ತೆ,” ಎಂದಳು ಇವೋನ್. “ಇದನ್ನ ನಡೆಸೋ ಸಿಸ್ಟಮ್ ಕೆಟ್ಟಿದೆ, ಅಷ್ಟೇ. ಮುಂಬಾಗಿಲು ಕಚ್ಚಿಕೊಂಡ ಹಾಗೆ. ಸಾಮಾನು ಒಳಗೇ ಇರುತ್ತೆ. ಹಿತ್ತಿಲ ಕಡೆಯಿಂದ ಹೋಗಿ ಎಲ್ಲಾ ಹೊರಗೆ ಸಾಗಿಸ್ತೀನಿ, ಆಮೇಲೆ ಹೊಸ ಸಿಸ್ಟಮ್ ಹಾಕ್ತೀನಿ, ಆಮೇಲೆ ಸಾಮಾನು ವಾಪಸ್ಸು ಇಡ್ತೀನಿ.”

“ಒಂದು ಫೋಟೋ ಹೋದ್ರೂ ನಿನ್ನ ಮುಖ ನೋಡಲ್ಲ.”

“ಈಗೆಷ್ಟು ನೋಡ್ತೀರಿ,” ಎಂದುಕೊಂಡಳು ಇವೋನ್, ತನ್ನಷ್ಟಕ್ಕೆ.

ಶನಿವಾರ ಆ ಕೆಲಸಕ್ಕೆ ಕೂತಳು. ಒಂದು ಪೆನ್ ಡ್ರೈವಿನಲ್ಲಿ ಬೇರೆ ಪುಟ್ಟ ಸಿಸ್ಟಮ್ ತಂದು ಅದರಿಂದ ಕಂಪ್ಯೂಟರನ್ನು ಎಬ್ಬಿಸಿದಳು. ಒಳಗೆ ಎಲ್ಲವೂ ಇಟ್ಟ ಹಾಗೇ ಇತ್ತು. ಫೋಟೋಗಳನ್ನೆಲ್ಲ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿದಳು. ಅಲ್ಲೊಂದು ಇಲ್ಲೊಂದು ತೆರೆದು ಸರಿಯಾಗಿವೆಯೇ ಎಂದು ನೋಡಿದಳು: ಹ್ಯಾಟು ಹಾಕಿದ ಗಂಡಸರು, ಬಿಳಿ ಬಟ್ಟೆಯ ಕೂಸುಗಳು, ಗಿರಣಿಯ ಗೇಟು. ಆಮೇಲೆ ಕಂಪ್ಯೂಟರನ್ನು ಬೇರುಸಮೇತ ಒರೆಸಿ ಹೊಸದಾಗಿ ಸಿಸ್ಟಮ್ ಹಾಕಿದಳು. ಇನ್ನು ಉಳಿದದ್ದು ಫೋಟೋಗಳನ್ನು ವಾಪಸ್ಸು ತುಂಬುವುದು. ಅಷ್ಟರಲ್ಲಿ ನೆಲಮಾಳಿಗೆಯಿಂದ ಊಟಕ್ಕೆ ಕರೆ ಬಂತು.

ಕೇಲ್ ಸೊಪ್ಪು, ಆಲೂಗಡ್ಡೆ, ಖಾರದ ಸಾಸೇಜು ಹಾಕಿದ ಸಾರು. ಜೋಳದ ರೊಟ್ಟಿ. ಅತ್ತೆಯ ಕೆಲಸ ಚೆನ್ನಾಗಿ ಆಗಿದೆ ಎನ್ನುವ ಧೈರ್ಯದಲ್ಲಿ ಇವೋನ್ ತಿಂಗಳುಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದಳು. ಅವಳ ತಾಯಿ ಅರ್ಮಾಂಡಾ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು.

“ಅತ್ತೆ, ಗಿರಣಿ ಹೆಂಗಸರದ್ದು ಅಂತ ಒಂದು ಸಾಲು ಮಾಡ್ತಿದೀರಲ್ಲ. ಅದರಲ್ಲಿ ಅಮ್ಮನದೂ ಒಂದು ಫೋಟೋ ಹಾಕ್ತೀರಾ?”

ಝುಲ್ಮಿರಾ ರೊಟ್ಟಿಯನ್ನು ಸಾರಿಗೆ ಅದ್ದಿದಳು. “ಅದು ನಮ್ಮ ಇಗರ್ಜಿಯವರ ಸಾಲು.”

“ನಿಮ್ಮ ಪಕ್ಕದ ಮಿಷನ್ನಿಗೇ ಕೂತಿದ್ದೋಳು. ಎಷ್ಟು ವರ್ಷ!”

“ಬಸ್ಸಲ್ಲೂ ಪಕ್ಕ ಕೂತ್ಕೋತಾರೆ. ಕೂತೋರೆಲ್ಲ ನೆಂಟರಾಗ್ತಾರಾ? ನಿಮ್ಮದು ಆಫ್ರಿಕಾ ಕಡೆಯ ಕೇಪ್ ವರ್ಡ್, ನಮ್ಮದು ಸಾಂ ಮಿಗೆಲ್. ನಿಮ್ಮ ದ್ವೀಪ ಬೇರೆ, ನಮ್ಮ ದ್ವೀಪ ಬೇರೆ. ಅವಳ ಮುಖ ಆ ಗೋಡೆ ಮೇಲೆ ಬಂದ್ರೆ ಜನ ನನ್ನೇ ಕೇಳ್ತಾರೆ, ಈ ಕರಿ ಹೆಂಗಸು ಯಾರ ಮನೆಯೋಳು ಅಂತ. ಏನು ಹೇಳ್ಲಿ?”

“ಬೀಗಿತ್ತಿ ಅಂತ ಹೇಳಜ್ಜಿ,” ಎಂದಳು ಮರೀಸಾ. ಅವಳಿಗೆ ಹದಿಮೂರು.

“ನೀನು ಸಾರು ಕುಡಿ.”

ಗಿಲ್ಬರ್ಟೊ ತಟ್ಟೆಯಿಂದ ತಲೆ ಎತ್ತಲಿಲ್ಲ. “ಊಟದ ಹೊತ್ತಲ್ಲಿ ಯಾಕೆ ಇವೆಲ್ಲ,” ಎಂದ. ಅದು ಅವನು ಹೆಂಡತಿಗೆ ಹೇಳಿದ್ದು, ತಾಯಿಗಲ್ಲ.

ಝುಲ್ಮಿರಾ ಬಟ್ಟಲು ಒರೆಸಿ ತಿಂದು ಕೇಳಿದಳು: “ಎಲ್ಲಿಗೆ ಬಂತು ನನ್ನ ಕಂಪ್ಯೂಟರು? ಮುಗೀತಾ, ಇಲ್ಲ ನಿಮ್ಮ ಕಡೆಯೋರ ಹಾಗೆ ನಾಳೆ ನಾಡಿದ್ದು ಅಂತೀಯಾ?”

“ಮುಗೀತು,” ಎಂದಳು ಇವೋನ್. “ಹೊಸ ಸಿಸ್ಟಮ್ ಬಂದಿದೆ. ಫೋಟೋ ಉಳೀಲಿಲ್ಲ ಅತ್ತೆ.”

ಹೀಗೆ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ತಾನೂ ಉಳಿದವರ ಜೊತೆ ಅದನ್ನು ಕೇಳಿಸಿಕೊಂಡಳು.

“ಒಂದೂ?” ಎಂದಳು ಝುಲ್ಮಿರಾ.

“ಒಂದೂ ಇಲ್ಲ. ಒಳಗೆಲ್ಲ ಕೊಳೆತು ಹೋಗಿತ್ತು.”

ಝುಲ್ಮಿರಾ ಅಳಲಿಲ್ಲ, ಕೂಗಲೂ ಇಲ್ಲ. ಮೇಜಿನ ಮೇಲಿದ್ದ ರೊಟ್ಟಿಯ ಪುಡಿಯನ್ನು ಅಂಗೈಯಿಂದ ಒಟ್ಟು ಮಾಡಿದಳು, ಮತ್ತೆ ಚೆಲ್ಲಿದಳು, ಮತ್ತೆ ಒಟ್ಟು ಮಾಡಿದಳು. ಮರೀಸಾ ಎದ್ದು ಹೋಗಿ ಅಜ್ಜಿಯ ಹೆಗಲು ಹಿಡಿದುಕೊಂಡಳು.

ಒಂದು ರಾತ್ರಿ ಉರಿಯಲಿ ಎಂದುಕೊಂಡಳು ಇವೋನ್. ನಾಳೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ, ‘ಸಿಕ್ಕಿತು ಅತ್ತೆ’ ಎಂದು ಕೊಟ್ಟರಾಯಿತು. ಹಾರ್ಡ್ ಡಿಸ್ಕನ್ನು ಒಂದು ಕಾಲುಚೀಲದೊಳಗೆ ತುರುಕಿ, ಚಳಿಗಾಲದ ಟೋಪಿ ಕೈಗವಸುಗಳ ಪೆಟ್ಟಿಗೆಯ ತಳದಲ್ಲಿಟ್ಟಳು.

ಆದರೆ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಝುಲ್ಮಿರಾ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿದಳು: “ನಿಮ್ಮ ಹಿರಿಯರನ್ನೆಲ್ಲ ನನ್ನ ಸೊಸೆ ಎರಡನೇ ಸಲ ಸಾಯಿಸಿದ್ಲು. ಅವಳ ಕೈ ತಾಗಿದ್ದು ಯಾವುದು ಉದ್ಧಾರ ಆಗಿದೆ? ನನ್ನ ಮಗನ್ನೇ ನೋಡಿ.” ನಾಲ್ಕು ಹೆಜ್ಜೆ ಹಿಂದೆ ಇವೋನ್ ಕೈಚೀಲ ಹಿಡಿದು ನಿಂತಿದ್ದಳು. ಜನ ಅವಳನ್ನು ತಿರುಗಿ ನೋಡಿದರು. ಅವತ್ತು ಅವಳು ಡಿಸ್ಕ್ ತೆಗೆಯಲಿಲ್ಲ.

ಮುಂದಿನ ವಾರವೂ ತೆಗೆಯಲಿಲ್ಲ. ಝುಲ್ಮಿರಾ ಹಠ ಹಿಡಿದು ಕಂಪ್ಯೂಟರನ್ನು ಪೇಟೆಯ ರಿಪೇರಿ ಅಂಗಡಿಗೆ ಹೊರಿಸಿದಳು. ಹೊತ್ತವಳು ಇವೋನೇ. ಅಂಗಡಿಯವನು ಒಳಗೆ ಕೂತು ನೋಡಿ ಬಂದು, “ಇದರಲ್ಲಿ ಕೆದಕೋದಕ್ಕೆ ಏನೂ ಇಲ್ಲಮ್ಮ. ಒರೆಸಿದೋರು ಬಹಳ ಚೊಕ್ಕವಾಗಿ ಒರೆಸಿದಾರೆ,” ಎಂದ. ಇವೋನಳ ಕಿವಿ ಬಿಸಿಯಾಯಿತು. ಝುಲ್ಮಿರಾಳಿಗೆ ಅದೊಂದೂ ತಿಳಿಯಲಿಲ್ಲ. “ಚೊಕ್ಕ ಮಾಡೋದೊಂದು ಬರುತ್ತೆ ಇವಳಿಗೆ, ಇವಳಮ್ಮನ ಹಾಗೆ. ಅವಳೂ ಗಿರಣಿ ಬಿಟ್ಟ ಮೇಲೆ ಕಂಡೋರ ಮನೆ ನೆಲ ಒರೆಸ್ತಿದ್ಲು,” ಎಂದಳು ಅಂಗಡಿಯವನಿಗೆ.

ಇವೋನ್ ಕಂಪ್ಯೂಟರನ್ನು ಕಾರಿಗೆ ಹೊತ್ತು ತಂದಳು. ಕೊಡೋಣ ಎಂದು ಮನಸ್ಸು ಮಾಡಿದಾಗಲೆಲ್ಲ ಅತ್ತೆ ತಾನೇ ಒಂದು ಮಾತು ಆಡಿ ಅವಳನ್ನು ತಡೆಯುತ್ತಿದ್ದಳು. ಅಂಥ ಮಾತಿಗೆ ಆ ಮನೆಯಲ್ಲಿ ಎಂದೂ ಬರ ಇರಲಿಲ್ಲ.

ಉತ್ಸವದ ಸಮಿತಿ ಸೇರಿತು. ಅದರಲ್ಲಿ ನತಾಲಿನಾ ಎಂಬವಳೊಬ್ಬಳಿದ್ದಳು, ಝುಲ್ಮಿರಾಳಿಗೆ ಹುಡುಗಿತನದಿಂದಲೂ ಆಗದವಳು. “ಪಾಪ, ಝುಲ್ಮಿರಾಗೆ ವಯಸ್ಸಾಯ್ತು. ಇನ್ನು ಕಾಫಿ ಬಡಿಸೋ ಕಡೆ ಇರ್ಲಿ,” ಎಂದು ಪಾದ್ರಿಯ ಎದುರಿಗೇ ಹೇಳಿ ಗೋಡೆಯ ಕೆಲಸ ತಾನು ತೆಗೆದುಕೊಂಡಳು. ಝುಲ್ಮಿರಾ ಸೋಲಲಿಲ್ಲ. ಮನೆಮನೆಗೆ ಹೋಗಿ ಮತ್ತೆ ಫೋಟೋ ಕೇಳುತ್ತೇನೆಂದು ಹೊರಟಳು. ಕಾರು ಬಿಡಲು ಸೊಸೆ ಬೇಕಾಯಿತು.

ಮೊದಲ ಬಾಗಿಲು ಹೊನೊರಾಟು ಮುದುಕನದು. ಊರುಗೋಲು ಹಿಡಿದು ಬಾಗಿಲಲ್ಲೇ ನಿಂತ.

“ಆ ಫೋಟೋನೆಲ್ಲ ನಾನು ಕಸಕ್ಕೆ ಹಾಕ್ದೆ. ಕಂಪ್ಯೂಟರಲ್ಲಿ ಭದ್ರವಾಗಿದೆ, ಇನ್ನು ಈ ಧೂಳು ಯಾಕೆ ಅಂದೋಳು ನೀನೇ ಅಲ್ವಾ?”

“ನಾನೇ ಅಂದೆ ಹೊನೊರಾಟು.”

“ನನ್ನ ತಾಯೀದು ಇದ್ದದ್ದು ಅದೊಂದೇ. ಈಗ ಕಣ್ಣು ಮುಚ್ಚಿದ್ರೆ ಮುಖ ಬರ್ತಾ ಇಲ್ಲ. ನಿನ್ನ ಮುಖ ಬರುತ್ತೆ.” ಬಾಗಿಲು ಹಾಕಿಕೊಂಡ.

ಝುಲ್ಮಿರಾ ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಇಳಿದಳು. ಕಾರಿನೊಳಗಿಂದ ಇವೋನ್ ಎಲ್ಲವನ್ನೂ ಕಂಡಳು. ಇಳಿದು ಹೋಗಿ ಕೈ ಹಿಡಿಯಬಹುದಿತ್ತು, ಹೋಗಲಿಲ್ಲ. ಅತ್ತೆಯ ಕಾಲು ಮೆಟ್ಟಿಲು ತಡಕುವುದನ್ನು ನೋಡುತ್ತ ಕೂತಳು. ಒಳಗೆ ಏನೋ ಸಿಹಿಯಾಗಿ ಕರಗಿದಂತಾಯಿತು. ಮುಂದಿನ ಮನೆಗೆ ತಾನಾಗಿಯೇ, “ಈಗ ಯಾರ ಮನೆಗೆ ಅತ್ತೆ?” ಎಂದು ಕೇಳಿದಳು. ದಿನವೂ ಸಂಜೆ ಕರೆದುಕೊಂಡು ಹೋದಳು. ಒಬ್ಬರ ಮನೆಯಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ನಕ್ಕರು. ಇನ್ನೊಬ್ಬರು ಟಿವಿಯ ಸದ್ದು ಜೋರು ಮಾಡಿ ಬಾಗಿಲು ತೆರೆಯಲೇ ಇಲ್ಲ. ಸಿಕ್ಕಿದ್ದು ಒಂದು ಸಿಹಿ ಬ್ರೆಡ್ಡಿನ ಡಬ್ಬಿಯಲ್ಲಿ ಹಿಡಿಸುವಷ್ಟು.

ಅಕ್ಟೋಬರಿನಲ್ಲಿ ಅಡುಗೆ ಕೆಟ್ಟಿತು. ಉಪ್ಪುಮೀನನ್ನು ನೆನೆಸುವುದನ್ನೇ ಮರೆತು ಬೇಯಿಸಿದಳು ಝುಲ್ಮಿರಾ. ಯಾರ ಬಾಯಿಗೂ ಇಡಲಾಗಲಿಲ್ಲ.

“ಅಮ್ಮ, ಇದನ್ನ ತಿಂದ್ರೆ ನನ್ನ ಬಿಪಿ ಇಗರ್ಜಿ ಗೋಪುರ ಹತ್ತುತ್ತೆ,” ಎಂದ ಗಿಲ್ಬರ್ಟೊ.

“ಬಿಡು, ನಾನು ಮಾಡಿದ್ದೆಲ್ಲ ಹಾಳೇ,” ಎಂದು ಅವಳು ತಟ್ಟೆ ಎತ್ತಿದಳು. ಅವಳ ಮೈ ಬಟ್ಟೆಯೊಳಗೆ ಸಣ್ಣಗಾಗಿತ್ತು.

ಮೇಲೆ ಹೋದ ಮೇಲೆ ಗಿಲ್ಬರ್ಟೊ ಹೆಂಡತಿಯ ಮೇಲೆ ಹರಿಹಾಯ್ದ. “ಎಲ್ಲಾ ಉಳಿಸ್ತೀನಿ ಅಂತ ದೊಡ್ಡ ಬಾಯಿ ಮಾಡಿದ್ಯಲ್ಲ! ಹೆತ್ತ ತಾಯಿ ಕಣ್ಣೆದುರಿಗೆ ಸಾಯ್ತಿದಾಳೆ.”

“ಸತ್ತ ತಾಯಿಗೆ ಒಂದು ಫೋಟೋ ಜಾಗ ಕೇಳಿದಾಗ ನೀನು ಸಾರು ನೆಕ್ಕುತ್ತಾ ಕೂತಿದ್ದೆ.”

“ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ಏನೂ ಇಲ್ಲ,” ಎಂದಳು ಇವೋನ್, ಬಟ್ಟೆ ಮಡಿಸುತ್ತ.

ಮರೀಸಾ ಬಾಗಿಲಲ್ಲಿ ನಿಂತಿದ್ದಳು. “ಅಮ್ಮ, ನನ್ನ ಫ್ರೆಂಡ್ ಲ್ಯಾಪ್‌ಟಾಪ್ ನೀರಿಗೆ ಬಿದ್ದಿತ್ತಲ್ಲ, ಅದರಲ್ಲಿದ್ದಿದ್ದು ಕೂಡ ತೆಗೆದುಕೊಟ್ಟೆ. ಅಜ್ಜೀದು ಬರೀ ಆನ್ ಆಗ್ತಿರಲಿಲ್ಲ. ಅದು ಹೇಗೆ ಆಗ್ಲಿಲ್ಲ?”

“ಹೋಮ್‌ವರ್ಕ್ ಆಯ್ತಾ ನಿಂದು?”

“ಆಯ್ತು.”

“ಹಾಗಾದ್ರೆ ಮಲಗು.”

ತಿಂಗಳ ಕೊನೆಗೆ ಊರಿಗೆ ಮೊದಲ ಕೊರೆವ ಚಳಿ ಬಂತು. ಅಂದು ಮಧ್ಯಾಹ್ನ ನೆಲಮಾಳಿಗೆಯಲ್ಲಿ ಅತ್ತೆ ಸೊಸೆ ಇಬ್ಬರೇ ಕೂತು ಕೇಲ್ ಸೊಪ್ಪಿನ ದಂಟು ಬಿಡಿಸುತ್ತಿದ್ದರು. ಝುಲ್ಮಿರಾ ಚಾಕು ಕೆಳಗಿಟ್ಟಳು.

“ನಿಮ್ಮಮ್ಮಂದೂ ಒಂದಿತ್ತು ಅದರಲ್ಲಿ.”

ಇವೋನ್ ತಲೆ ಎತ್ತಿದಳು.

“ಗಿರಣೀಲಿ ಯಾರೋ ತೆಗೆದದ್ದು. ಊಟದ ಬಿಡುವು. ಅವಳೂ ನಾನೂ ಪರದೆ ಬಟ್ಟೆ ಮೂಟೆ ಮೇಲೆ ಕೂತಿದೀವಿ. ಅವಳ ಡಬ್ಬೀಲಿದ್ದದ್ದು ನಾನು ತಿಂತಿದೀನಿ. ಇಬ್ಬರೂ ನಗ್ತಿದೀವಿ. ನೀನು ಅವಳ ಹೊಟ್ಟೇಲಿದ್ದೆ, ಇಷ್ಟು ದಪ್ಪ ಹೊಟ್ಟೆ.” ಕೈಯಲ್ಲಿ ತೋರಿಸಿದಳು. “ಗೋಡೆಗೆ ಹಾಕ್ತಿರಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಹಾಕ್ತಿರಲಿಲ್ಲ. ಆದ್ರೆ ಆಗಾಗ ತೆಗೆದು ನೋಡ್ತಿದ್ದೆ. ಅದೂ ಹೋಯ್ತು.”

ಆ ಫೋಟೋದ ಸುದ್ದಿಯೇ ಇವೋನಳಿಗೆ ತಿಳಿದಿರಲಿಲ್ಲ. ಸಾವಿರಾರು ಫೋಟೋಗಳನ್ನು ಸಾಗಿಸುವಾಗ ಹತ್ತು ಹನ್ನೆರಡನ್ನು ತೆರೆದು ನೋಡಿದ್ದಷ್ಟೇ. ಅವಳು ಎದ್ದಳು. “ಬಂದೆ ಅತ್ತೆ,” ಎಂದು ಕೈ ಕೂಡ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿದಳು.

ಕೈಗವಸುಗಳ ಪೆಟ್ಟಿಗೆ ಹಜಾರದ ನಡುವೆ ಬಾಯಿ ತೆರೆದು ಬಿದ್ದಿತ್ತು. ಖಾಲಿ ಕಾಲುಚೀಲ ಕುರ್ಚಿಯ ಮೇಲಿತ್ತು.

ಒಳಗೆ ಗಿಲ್ಬರ್ಟೊ ಟಿವಿಯ ಮುಂದೆ ಕೂತು ವಿಡಿಯೋ ಗೇಮಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ, ಅಂದು ರಜೆ. ಗೇಮಿನ ಪೆಟ್ಟಿಗೆಗೆ ಆ ಡಿಸ್ಕ್ ಸಿಕ್ಕಿಸಿತ್ತು. ಅದರ ಸಣ್ಣ ದೀಪ ಮಿಣುಕುತ್ತಿತ್ತು.

“ಎಲ್ಲಿ ಸಿಕ್ತು ಇದು?”

“ಬೆಳಿಗ್ಗೆ ಗ್ಲವ್ಸ್ ಹುಡುಕ್ತಿದ್ದೆ, ಅಲ್ಲಿತ್ತು. ನಿಂದಾ? ಗೇಮಿನ ಪೆಟ್ಟಿಗೆ ಜಾಗ ಇಲ್ಲ, ಇಲ್ಲ ಅಂತ ತಲೆ ತಿಂತಿತ್ತು. ಸಿಕ್ಕಿಸಿದೆ. ಎಲ್ಲಾ ಅಳಿಸ್ಲಾ ಅಂತ ಕೇಳ್ತು, ಅಳಿಸು ಅಂದೆ. ಮೂರು ದೊಡ್ಡ ದೊಡ್ಡ ಗೇಮ್ ಹಾಕಿದೀನಿ, ಸರಾಗ ಓಡ್ತಿದೆ.” ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, “ಏನಿತ್ತು ಅದರಲ್ಲಿ?”

ಅವಳು ಗೋಡೆಗೆ ಒರಗಿದಳು. “ಏನೂ ಇಲ್ಲ.”

ಅಳಿಸಿದ್ದು ಕೂಡಲೇ ಅಳಿದುಹೋಗುವುದಿಲ್ಲ, ಅದರ ಮೇಲೆ ಬೇರೆಯದು ಬಂದು ಕೂರುವವರೆಗೂ ಅಡಿಯಲ್ಲಿ ಇರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಮೂರು ಗೇಮು ಬಂದು ಕೂತಿದ್ದವು. ಎರಡು ದಿನಕ್ಕೆ ಡಿಸ್ಕ್ ಬೇಕೆಂದಳು.

“ನನ್ನ ಗೇಮ್ ಹೋಗುತ್ತಾ?”

“ಇಲ್ಲ. ನಿನ್ನ ಗೇಮ್ ಹೋಗಲ್ಲ.”

ಶಾಲೆಯ ಕೋಣೆಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಅವಳು ಆ ಡಿಸ್ಕನ್ನು ಕೆದಕಿದಳು. ಮೂಲೆಗಳಲ್ಲಿ ಒಂದಿಷ್ಟು ಸಿಕ್ಕಿತು. ಒಂದಕ್ಕೂ ಹೆಸರಿಲ್ಲ. ಒಂದೂ ಪೂರ್ತಿಯಿಲ್ಲ. ಮೇಲೆ ಸ್ವಲ್ಪ ಚಿತ್ರ, ಕೆಳಗೆಲ್ಲ ಬೂದಿ ಬಣ್ಣ. ಹ್ಯಾಟುಗಳು, ಬೈತಲೆಗಳು, ಹಣೆಗಳು, ಕೆಲವಕ್ಕೆ ಕಣ್ಣಿನವರೆಗೆ ಇತ್ತು. ಬಟ್ಟೆಯ ಮೂಟೆ ಯಾವುದರಲ್ಲಿಯೂ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ನೋಡಿದಳು. ಇರಲಿಲ್ಲ.

ಸಿಕ್ಕಿದ್ದನ್ನು ಕಾಗದದ ಮೇಲೆ ಅಚ್ಚು ಹಾಕಿ ನೆಲಮಾಳಿಗೆಯ ಮೇಜಿನ ಮೇಲಿಟ್ಟಳು. “ಹಳೇದರಿಂದ ಇಷ್ಟು ಕೆದಕಿ ತೆಗೆದೆ ಅತ್ತೆ,” ಎಂದಳು.

ಝುಲ್ಮಿರಾ ಕನ್ನಡಕ ಹುಡುಕಿ ಹಾಕಿಕೊಂಡಳು. ಮೊದಲ ಹಾಳೆ ಎತ್ತಿದಳು. ಒಂದು ಹಣೆ, ಅದರ ಮೇಲೊಂದು ಕರಿ ಶಾಲಿನ ಅಂಚು.

“ಹೊನೊರಾಟುವಿನ ತಾಯಿ,” ಎಂದಳು. “ಹುಬ್ಬಿನ ಮೇಲೆ ಗಾಯ ನೋಡು. ಕತ್ತೆ ಒದ್ದದ್ದು.” ಆಮೇಲೆ ಅವಳು ಅತ್ತಳು. ಎಷ್ಟೋ ವಾರಗಳಿಂದ ಅಳದಿದ್ದವಳು ಸೊಸೆಯ ಎರಡೂ ಕೈ ಹಿಡಿದು, ಅಚ್ಚಿನ ಮಸಿ ಹತ್ತಿದ ಆ ಬೆರಳುಗಳಿಗೆ ಮುತ್ತಿಟ್ಟು ಅತ್ತಳು. “ಅಂಗಡಿಯೋನ ಕೈಲಿ ಆಗ್ಲಿಲ್ಲ, ನಿನ್ನ ಕೈಲಿ ಆಯ್ತು. ನಾನು ನಿನ್ನ ಏನೇನೋ ಅಂದೆ. ಬೀದೀಲಿ ಅಂದೆ. ನಿನ್ನ ತಾಯೀನ ಅಂದೆ. ನನ್ನ ನಾಲಿಗೆಗೆ ಹುಳ ಬೀಳ.”

“ಬಿಡಿ ಅತ್ತೆ.”

“ಬಿಡಲ್ಲ. ಅರ್ಮಾಂಡಾ ಇದಾಳಾ ನೋಡು ಇದರಲ್ಲಿ. ನೋಡು ಮಗಳೇ, ನಿನ್ನ ಕಣ್ಣು ಚುರುಕು.”

ಆ ಮುದುಕಿಯ ಪಕ್ಕದಲ್ಲಿ ಕೂತು, ಇಲ್ಲದ ಮುಖವನ್ನು ಇವೋನ್ ಸಂಜೆಯವರೆಗೆ ಹುಡುಕುವ ಹಾಗೆ ನಟಿಸಿದಳು.

ಉತ್ಸವದ ದಿನ ಸಭಾಂಗಣದ ಗೋಡೆಯೆಲ್ಲ ನತಾಲಿನಾಳದು. ಬಾಗಿಲ ಬಳಿ, ಕೋಟು ತೂಗುಹಾಕುವ ಕಡೆ, ಝುಲ್ಮಿರಾಳಿಗೆ ಒಂದು ಸಣ್ಣ ಹಲಗೆ ಕೊಟ್ಟಿದ್ದರು.

“ಹಣೆಗಳ ಮೆರವಣಿಗೆ!” ಎಂದಳು ನತಾಲಿನಾ. “ಮೂಗೆಲ್ಲ ಮನೇಲಿ ಬಿಟ್ಟು ಬಂದಿದಾರಾ?” ಸುತ್ತಲಿದ್ದವರು ನಕ್ಕರು.

“ನಗು. ನಿನ್ನ ಅಜ್ಜಿ ಹಣೇನೂ ಇದೆ ಇಲ್ಲಿ, ನಿನಗೆ ಗುರುತು ಸಿಗಲ್ಲ,” ಎಂದಳು ಝುಲ್ಮಿರಾ. ಪಾದ್ರಿ ಬಂದಾಗ ಇವೋನಳನ್ನು ರಟ್ಟೆ ಹಿಡಿದು ಎಳೆದಳು. “ಫಾದರ್, ಇವಳು ನನ್ನ ಸೊಸೆ. ಅರ್ಮಾಂಡಾಳ ಮಗಳು. ಅರ್ಮಾಂಡಾ ಗಿರಣೀಲಿ ನನ್ನ ಜೊತೆಗಾತಿ. ಇವಳಿಲ್ಲದಿದ್ರೆ ಇಷ್ಟೂ ಉಳೀತಿರಲಿಲ್ಲ. ಎಲ್ಲರಿಗೂ ಹೇಳಿ.” ಪಾದ್ರಿ ಎಲ್ಲರಿಗೂ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಹೊನೊರಾಟು ಊರುಗೋಲು ಊರಿಕೊಂಡು ಬಂದು ತಾಯಿಯ ಹಣೆಯ ಎದುರು ನಿಂತ, ಆಮೇಲೆ ಇವೋನಳ ತಲೆಯ ಮೇಲೆ ಕೈ ಇಟ್ಟ.

ಕೋಟುಗಳ ಹಿಂದೆ ಮರೀಸಾ ತಾಯಿಯ ಹತ್ತಿರ ಬಂದಳು. ಮೆಲ್ಲಗೆ ಕೇಳಿದಳು.

“ಅಮ್ಮ, ಅಪ್ಪ ಗೇಮಿಗೆ ಹಾಕ್ಕೊಂಡಿರೋ ಡಿಸ್ಕ್. ಅವತ್ತು ಶನಿವಾರ ಅಜ್ಜಿ ಕಂಪ್ಯೂಟರಿಗೆ ಸಿಕ್ಕಿಸಿದ್ದು ಅದೇ ಅಲ್ವಾ? ನಾನು ನೋಡಿದ್ದೆ.”

ಇವೋನ್ ಜಾರಿದ್ದ ಒಂದು ಕೋಟನ್ನು ಎತ್ತಿ ಮತ್ತೆ ತೂಗುಹಾಕಿದಳು.

“ಉಳಿದಿತ್ತು ಅಲ್ವಾ? ಎಲ್ಲಾ ಇತ್ತು.”

“ಮರೀಸಾ, ಮನೆಗೆ ಹೋಗಿ ಮಾತಾಡೋಣ.”

“ಮಾತಾಡೋದು ಏನಿದೆ? ನಾನು ಹೇಳಲ್ಲ. ಅಜ್ಜಿ ಇವತ್ತು ಎರಡು ಸಲ ಊಟ ಬಡಿಸ್ಕೊಂಡ್ಲು.” ಹುಡುಗಿ ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು, ಬಸ್ಸಿನಲ್ಲಿ ಎದುರು ಕೂತವರನ್ನು ನೋಡುವ ಹಾಗೆ. “ನೀನೂ ಹೇಳ್ಬೇಡ. ನಿನಗೆ ಹಗುರ ಆಗ್ಲಿ ಅಂತ ಅವಳು ಇನ್ನೊಂದು ಸಲ ಸಾಯೋದು ಬೇಡ.”

ಹಲಗೆಯ ಬಳಿಯಿಂದ ಝುಲ್ಮಿರಾ ಕೂಗಿದಳು: “ಎಲ್ಲಿ ಹೋದ್ರಿ ಇಬ್ಬರೂ? ಬನ್ನಿ, ಫಾದರ್ ಫೋಟೋ ತೆಗೀತಾರೆ!”

ಮರೀಸಾ ಹೋಗಿ ಅಜ್ಜಿಯ ಆಚೆ ಬದಿಗೆ ನಿಂತಳು. ಈಚೆ ಬದಿಗೆ ಇವೋನ್. ಝುಲ್ಮಿರಾ ಸೊಸೆಯ ಸೊಂಟ ಬಳಸಿ ಹತ್ತಿರಕ್ಕೆ ಎಳೆದುಕೊಂಡಳು. ಮದುವೆಯಾದ ಹದಿನೈದು ವರ್ಷದಲ್ಲಿ ಅವಳ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. ಪಾದ್ರಿ ಫೋನನ್ನು ಎತ್ತಿ ಹಿಡಿದ.

“ನಗೇ,” ಎಂದು ಝುಲ್ಮಿರಾ ಅವಳ ಪಕ್ಕೆ ಚಿವುಟಿದಳು. “ಎಲ್ಲರೂ ನೋಡ್ತಿದಾರೆ. ನಗು ಮಗಳೇ.”

ಇವೋನ್ ನಕ್ಕಳು.